ಆಗದೇ ಹೋದ ಗೋಲುಗಳು

ಅಕ್ಕಾ,

ಮೊನ್ನೆ ಭಾನುವಾರ, ನಿನ್ನ ಮಗನ ಬೀಳ್ಕೊಡುಗೆಯ ದಿನವೇ ಈ ಫುಟ್ಬಾಲ್ ಕ್ಲಬ್ಬಿನವರು ಅವನಿಗೆ ಅನ್ಯಾಯ ಮಾಡಿದರು. ನೀನಿರುವ ಪರದೇಶದಿಂದ ಇಲ್ಲಿಗೆ ಬಂದು ಹನ್ನೊಂದು ವರ್ಷ ಎದುರಾಳಿಗಳ ಚೆಂಡಿಗೆ ಅಡ್ಡ ನಿಂತವನು. ಹೊಸ ಗೋಡೆಯ ಮೇಲೆ ಗೋಲುಗಳ ಪಟ್ಟಿ ಬರೆಸಿದ್ದಾರೆ. ಅವನ ಹೆಸರು ಒಂದೇ ಕಡೆ, ಕಾಲು ತಪ್ಪಿ ತಮ್ಮದೇ ಬಲೆಗೆ ಹೋದ ಚೆಂಡಿನ ಪಕ್ಕದಲ್ಲಿ.

"ಆಗದೇ ಹೋದ ಗೋಲನ್ನ ಹೇಗೆ ಬರೆಸೋದು, ಯಜಮಾನ್ರೇ?" ಅಂದ ಮ್ಯಾನೇಜರ್.

"ಬೆಳೆ ಕಂಡೋರಿಗೆ ಬೇಲಿ ಕಾಣಲಿಲ್ವೇನ್ರೀ?" ಅಂದೆ.

ನಿನ್ನ ಮಗನೋ, "ಬಿಡು ಮಾವ, ಹೆಸರಂತೂ ಇದೆಯಲ್ಲ" ಎಂದು ನಗುತ್ತಾನೆ. ಅವನ ಮಂಡಿ ಇನ್ನೂ ಊದಿದೆ, ಊಟ ಸರಿಯಾಗಿದೆ.

ಕಾರ್ಡು ತುಂಬಿತು. ಏಳನೇ ವರ್ಷ ಎರಡು ಹಲ್ಲು ಮುರಿದುಕೊಂಡು ಕಪ್ ಉಳಿಸಿಕೊಟ್ಟವನು ಯಾರು? ಬರುವ ಶನಿವಾರದ ಪಂದ್ಯಕ್ಕೆ ತುಂಬಿದ ಮೈದಾನದಲ್ಲಿ, ಧ್ವನಿವರ್ಧಕದಲ್ಲಿ, ಅವರೇ ಹೇಳಲಿ.

ನಿನ್ನ ತಮ್ಮ