ಓಡಿಸಿದ್ದು ಅನೀಶನಲ್ಲ

ಗುಲ್ವಾಡಿ
ಬುಧವಾರ, ಜೂನ್ 11, 2025

ಪ್ರೀತಿಯ ಅಜಿತನ ಅಪ್ಪನಿಗೆ,

ಸರಸ ಮಾಡುವ ನಮಸ್ಕಾರ. ಹೇಗಿದ್ದೀರಿ? ಸಕ್ಕರೆ ಕಾಯಿಲೆಯ ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತಿದ್ದೀರಾ, ಇಲ್ಲ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತ ಗಡಿಬಿಡಿಯಲ್ಲಿ ಮರೆಯುತ್ತಿದ್ದೀರಾ? ಹೋದ ಸಲ ಬಂದಾಗ ನಿಮ್ಮ ಕಾಲು ಊದಿಕೊಂಡಿದ್ದು ನನ್ನ ಕಣ್ಣಲ್ಲೇ ಇದೆ. ಹೋಟೆಲಿನಲ್ಲಿ ಉಳಿದದ್ದನ್ನು ತಿಂದು ಮಲಗಬೇಡಿ, ಒಂದು ಮುಷ್ಟಿ ಅನ್ನಕ್ಕೆ ಮಜ್ಜಿಗೆಯಾದರೂ ಹಾಕಿಸಿಕೊಳ್ಳಿ. ಇಲ್ಲಿ ಅಕ್ಷಿತಾ ಶಾಲೆಗೆ ಹೋಗುತ್ತಿದ್ದಾಳೆ. ಅಜಿತನ ಹುಬ್ಬಿನ ಮೇಲಿನ ಗಾಯ ಒಣಗಿದೆ, ಹೊಲಿಗೆ ಬಿಚ್ಚಿಸಿಯಾಯಿತು. ನಾನು ಇದ್ದೇನೆ.

ಫೋನ್ ಇರುವಾಗ ಇವಳು ಕಾಗದ ಬರೆಯಲು ಯಾಕೆ ಕೂತಳು ಎಂದು ನಿಮಗೆ ಅನ್ನಿಸಬಹುದು. ಆ ಭಾನುವಾರದ ಮಾತು ತೆಗೆದರೆ ಸಾಕು, "ವಕೀಲ್ರ್ ಫೋನಂಗೆ ಮಾತಾಡ್ಬೇಡಿ ಅಂದಿರ್" ಎಂದು ನೀವು ಕಟ್ ಮಾಡುತ್ತೀರಿ. ಶೀನಣ್ಣ ರಜೆ ಮುಗಿಸಿ ನಿಮ್ಮ ಹೋಟೆಲಿಗೇ ವಾಪಸು ಬರುತ್ತಿದ್ದಾನೆ, ಇವತ್ತು ಹೆಮ್ಮಾಡಿಯಲ್ಲಿ ಮುಂಬೈ ಬಸ್ಸು ಹತ್ತುತ್ತಾನೆ. ನನ್ನ ಅಣ್ಣನ ಕೈಯಲ್ಲಿ ಕೊಟ್ಟರೆ ಕಾಗದವನ್ನು ನೀವು ಕಟ್ ಮಾಡಲಾರಿರಿ. ನಿಮಗೆ ಗೊತ್ತಿರುವುದನ್ನೇ ಮೊದಲಿನಿಂದ ಬರೆಯುತ್ತೇನೆ, ಬೇಸರಿಸಬೇಡಿ. ನೀವು ಪೊಲೀಸರಿಗೆ ಹೇಳಿದ್ದನ್ನೇ ಶೀನಣ್ಣನಿಗೂ ಹೇಳಿದಿರಿ, ಕಡೆಗೆ ನನಗೂ ಹೇಳಿದಿರಿ. ಹೇಳಿ ಹೇಳಿ ಅದನ್ನು ನೀವೇ ನಂಬಿಬಿಟ್ಟಿದ್ದೀರೋ ಎಂದು ನನಗೆ ಹೆದರಿಕೆ.

ಅಜಿತ್ ಪಿಯುಸಿ ಪಾಸಾದ ಖುಷಿಗೆ ನೀವು ಊರಿಗೆ ಬಂದಿರಿ, ಭಾನುವಾರ ಮಧ್ಯಾಹ್ನ ಕೋಳಿ ಸುಕ್ಕ, ಕೋರಿರೊಟ್ಟಿ ಎಂದು ಮನೆ ತುಂಬ ಗದ್ದಲ. ಸಾಲಿಗ್ರಾಮದಿಂದ ಅವನ ಗೆಳೆಯ ಅನೀಶನೂ ಬಂದಿದ್ದ. ಅವನಿಗೆಂದು ನಾನು ಬೇರೆ ಪಾತ್ರೆಯಲ್ಲಿ ಸೌತೆಕಾಯಿ ಹುಳಿ ಮಾಡಿದ್ದೆ. ಊಟಕ್ಕೆ ಮೊದಲು ನೀವು ಇಬ್ಬರನ್ನೂ ಉಪ್ಪರಿಗೆಗೆ ಕರೆದಿರಿ. ನಾನು ಮೆಟ್ಟಿಲ ಮೇಲೆ ಅಡ್ಡ ನಿಂತು, ಹುಡುಗರಿಗೆ ಎಂತದ್ದು ಇದು ಎಂದು ಕೇಳಿದ್ದಕ್ಕೆ ನೀವು ಹೇಳಿದ್ದು ಇದು: "ಹೊರ್ಗ್ ಹೋಯಿ ಕದ್ದ್ ಕುಡುದಕ್ಕಿಂತ ನನ್ ಎದ್ರಿಗೇ ಕುಡಿಲಿ ಮಾರಾಯ್ತಿ. ಅಳತಿ ಗೊತ್ತಾತ್ತ್." ಅದರ ಹಿಂದೆ ಏನಿತ್ತು ಎಂದು ನನಗೆ ಗೊತ್ತು. ನಿಮ್ಮಪ್ಪ ಸಾರಾಯಿ ಗಡಂಗಿನ ಜಗಲಿಯಲ್ಲಿ ಬಿದ್ದಿರುತ್ತಿದ್ದರು, ಸಣ್ಣವರಾದ ನೀವು ಅವರನ್ನು ಎಬ್ಬಿಸಿ ಮನೆಗೆ ತರುತ್ತಿದ್ದಿರಿ. ನಿಮ್ಮ ಮಗ ಹಾಗಾಗಬಾರದು ಎಂದೇ ನೀವು ಆ ಬಾಟಲಿ ತೆರೆದಿರಿ. ಅದನ್ನು ನಾನು ಸುಳ್ಳೆನ್ನುವುದಿಲ್ಲ. ಆದರೆ ಅನೀಶ ನಿಮ್ಮ ಮಗನಲ್ಲ. ಅವನು "ಅಂಕಲ್, ನಂಗ್ ಬ್ಯಾಡ" ಎಂದು ಕೈಯನ್ನು ಹಿಂದೆ ಕಟ್ಟಿಕೊಂಡಿದ್ದ. ನೀವು ನಕ್ಕಿರಿ, "ಭಟ್ರ್ ಮಾಣಿ ಆರ್ ಎಂತ, ಗಂಡ್ಸ್ ಅಲ್ದಾ ನೀನ್?" ಎಂದಿರಿ. ಎಲ್ಲರೂ ನಕ್ಕರು. ಆ ನಗು ಮುಗಿಯುವುದರೊಳಗೆ ಅವನು ಗ್ಲಾಸು ತೆಗೆದುಕೊಂಡ. ಊಟವಾದ ಮೇಲೆ ಅಜಿತ್ ಬೀಜಾಡಿ ಕಡಲಿಗೆ ಹೋಗಿ ಬರುತ್ತೇವೆ ಎಂದು ಕಾರಿನ ಕೀ ಕೇಳಿದಾಗ ನಾನು ಬೇಡ ಎಂದೆ. ನೀವು ಕಿಸೆಯಿಂದ ಕೀ ತೆಗೆದು ಅವನತ್ತ ಎಸೆದು, "ಒಂದೆರ್ಡ್ ಬಿಯರಂಗೆ ಎಂತ ಆತ್ತ್? ನಿಧಾನ ಹೋಯ್ನಿ" ಎಂದಿರಿ. ಗೇಟು ತೆರೆದವಳು ಅಕ್ಷಿತಾ. ಅಣ್ಣ ಡ್ರೈವರ್ ಸೀಟಿನಲ್ಲಿ ಕೂತಿದ್ದನ್ನು, ಅನೀಶ ಪಕ್ಕದಲ್ಲಿ ಕೂತು ಅವಳಿಗೆ ಟಾಟಾ ಮಾಡಿದ್ದನ್ನು ಅವಳು ಕಂಡಿದ್ದಾಳೆ.

ಬೀಜಾಡಿ ರಸ್ತೆಯ ಮೋರಿಗೆ ಗುದ್ದಿ ಕಾರು ಗದ್ದೆಗೆ ಮಗುಚಿದಾಗ ಮೊದಲು ಓಡಿ ಬಂದವನು ಅಲ್ಲಿಯ ಗೂಡಂಗಡಿಯ ಚಂದಯ್ಯ. ಅಷ್ಟರಲ್ಲಿ ಅಜಿತ್ ಹೊರಗೆ ಬಂದು ಅನೀಶನನ್ನೂ ಎಳೆದು ಗದ್ದೆಯ ಅಂಚಿನ ಮೇಲೆ ಮಲಗಿಸಿಯಾಗಿತ್ತು. ಯಾರು ಓಡಿಸುತ್ತಿದ್ದರು ಎಂದು ಕಂಡವರಿಲ್ಲ. ಅಜಿತ್ ಫೋನ್ ಮಾಡಿದ, ಪೊಲೀಸರಿಗಿಂತ ಮೊದಲು ನೀವು ಅಲ್ಲಿದ್ದಿರಿ. ಪ್ರಜ್ಞೆ ಇಲ್ಲದ ಅನೀಶ ಆಂಬುಲೆನ್ಸಿನಲ್ಲಿ ಹೋದ, ಅಜಿತನನ್ನು ನೀವು ರಿಕ್ಷಾದಲ್ಲಿ ಮನೆಗೆ ತಂದು, ಸ್ನಾನ ಮಾಡಿಸಿ, ದೇವರ ಕೋಣೆಯ ಬಾಗಿಲಲ್ಲೇ ನಿಲ್ಲಿಸಿ ಪಾಠ ಹೇಳಿಕೊಟ್ಟಿರಿ. "ಯಾರ್ ಕೇಂಡ್ರೂ ಅನೀಶ ಓಡ್ಸ್ತಿದ್ದ ಅನ್ನ್. ಅವ್ನಿಗೆ ಹದಿನೆಂಟ್ ತುಂಬಿತ್ತ್, ಲೈಸೆನ್ಸ್ ಇತ್ತ್. ನಿಂಗೆ ಇನ್ನೂ ಹದಿನೆಂಟ್ ಆಯ್ಲಿಲ್ಲೆ, ನೀನ್ ಅಂದ್ರೆ ಕೀ ಕೊಟ್ಟ ನಾನ್ ಜೈಲಿಗ್ ಹೋಯ್ಕ್." ಅಕ್ಷಿತಾ ಬಾಯಿ ತೆರೆದದ್ದಕ್ಕೆ ಅವಳಿಗೂ ಗದರಿದಿರಿ. ನಾನು ಒಲೆಯ ಮುಂದೆ ನಿಂತಿದ್ದೆ, ಎಲ್ಲ ಕೇಳಿಸಿತು, ಸುಮ್ಮನಿದ್ದೆ. ಅಜಿತ್ ಪೊಲೀಸರೆದುರು ಹಾಗೆಯೇ ಹೇಳಿದ. ಆಸ್ಪತ್ರೆಯಲ್ಲಿ ಅನೀಶನ ರಕ್ತ ಪರೀಕ್ಷೆಯಲ್ಲಿ ಕುಡಿದದ್ದು ಬಂದೇ ಬಂತು. ಮಾರನೆಯ ದಿನ ಹೋಟೆಲಿನಲ್ಲಿ ಕೆಲಸ ಇದೆ ಎಂದು ನೀವು ಬಸ್ಸು ಹತ್ತಿದಿರಿ.

ನೀವು ಹೋದ ಮೇಲೆ ಇಲ್ಲಿ ಏನಾಯಿತು ಎಂದು ನಿಮಗೆ ಯಾರೂ ಹೇಳಿರಲಾರರು. ಅನೀಶನ ಅಪ್ಪ ವೈಕುಂಠ ಐತಾಳರು ಪೂಜೆ ಮಾಡುವ ದೇವಸ್ಥಾನದಲ್ಲಿ ನಾಲ್ಕು ಜನ ಸೇರಿ, ಈ ಸುದ್ದಿ ತಣ್ಣಗಾಗುವವರೆಗೆ ಅವರು ಗರ್ಭಗುಡಿಗೆ ಬರುವುದು ಬೇಡ ಎಂದರಂತೆ. ಐತಾಳರು ಬೀಗದ ಕೈ ಕೊಟ್ಟು ಬಂದರಂತೆ. ಕುಂದಾಪುರ ಪೇಟೆಯಲ್ಲಿ ಮೀನು ತೆಗೆದುಕೊಳ್ಳುವಾಗ ಪಕ್ಕದವಳು ನನ್ನನ್ನೇ ಕೇಳಿದಳು, "ಭಟ್ರ್ ಮಗ ಅಂಬ್ರಲೆ, ಕುಡ್ದ್ ನಿಮ್ ಕಾರ್ ಪುಡಿ ಮಾಡ್ದ್ನಂಬ್ರ್?" ನಾನು ತಲೆ ಆಡಿಸಿದೆ. ಆ ತಲೆ ಆಡಿಸಿದ್ದಕ್ಕೆ ಮನೆಗೆ ಬಂದು ಮೀನು ಕೊಯ್ಯಲು ಕೈ ಏಳಲಿಲ್ಲ. ಅಜಿತ್ ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ. ತಟ್ಟೆ ಇಟ್ಟರೆ ಎರಡು ತುತ್ತು. ಅಕ್ಷಿತಾ ಅಣ್ಣನ ಮುಖ ನೋಡುವುದನ್ನೇ ಬಿಟ್ಟಳು. ಒಂದೇ ಸೂರಿನ ಕೆಳಗೆ ಮೂರು ಜನ ಮೂರು ಮನೆಯವರ ಹಾಗೆ ಇದ್ದೆವು.

ಮೊನ್ನೆ ಸೋಮವಾರ ನಾನು ಅನೀಶ ಇರುವ ಮಣಿಪಾಲದ ಆಸ್ಪತ್ರೆಗೆ ಹೋದೆ. ನೀವೇ ಹೇಳಿದ್ದಿರಿ, "ಒಂದ್ಸಲ ಹೋಯಿ ಮಾತಾಡ್ಸ್ಕಂಡ್ ಬಾ, ಇಲ್ದಿರೆ ಜನ ಸಂಶಯ ಮಾಡ್ತ್ರ್" ಎಂದು. ಸಂಶಯ ಬಾರದಿರಲೆಂದು ಬಾಳೆಹಣ್ಣು, ಎಳನೀರು ಹಿಡಿದುಕೊಂಡು ಹೋದೆ. ಅನೀಶನ ತಲೆಯನ್ನು ನುಣ್ಣಗೆ ಬೋಳಿಸಿದ್ದಾರೆ. ಎಡಗಾಲಿಗೆ ರಾಡ್ ಹಾಕಿದ್ದಾರೆ, ಮಂಡಿ ಇನ್ನು ಮುಂಚಿನಂತೆ ಮಡಚುವುದಿಲ್ಲವಂತೆ. ಚಕ್ಕಳಮಕ್ಕಳ ಕೂತು ಪೂಜೆ ಮಾಡಬೇಕಾದ ಹುಡುಗ. ಅವನ ಅಮ್ಮ ಮನೋರಮಮ್ಮ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದರು. ಐತಾಳರು ನಮಗೆ ಬೆನ್ನು ಹಾಕಿ ಕಿಟಕಿಯ ಬಳಿ ನಿಂತಿದ್ದರು. ಮಗನಿಗೆ ಪ್ರಜ್ಞೆ ಬಂದಾಗಿನಿಂದ ಅವರು ಅವನ ಹತ್ತಿರ ಒಂದು ಮಾತೂ ಆಡಿಲ್ಲವೆಂದು ಮನೋರಮಮ್ಮ ಆಮೇಲೆ ಹೇಳಿದರು. ನಾನು ಕೂತ ಕೂಡಲೇ ಅನೀಶ ನನ್ನ ಕೈ ಹಿಡಿದುಕೊಂಡ. "ಆಂಟಿ, ನಂಗ್ ಆ ದಿನದ್ದ್ ಎಂತದೂ ನೆನಪಿಲ್ಲೆ. ಅಜಿತಂಗೆ ಎಂತ ಆಯ್ಲಿಲ್ಲೆ ಅಲ್ದಾ? ಅಂಕಲ್ ಹತ್ರ ತಪ್ಪಾಯ್ತ್ ಅಂತ ಹೇಳಿ. ಅವ್ರ್ ನಂಬಿ ಕಾರ್ ಕೊಟ್ರ್, ನಾ ಹಾಳ್ ಮಾಡ್ದೆ" ಎಂದ.

ರೀ, ನಿಮ್ಮಿಂದ ಆ ಮಾತು ಕೇಳಿಸಿಕೊಳ್ಳಲು ಆಗುತ್ತಿತ್ತೇ? ನೆನಪಿಲ್ಲದ ಹುಡುಗ ನಾವು ಹೇಳಿದ್ದನ್ನು ನಂಬಿ ನಮ್ಮನ್ನೇ ಕ್ಷಮೆ ಕೇಳುತ್ತಿದ್ದಾನೆ. ವಕೀಲರು ಏನು ಹೇಳಿದ್ದರು, ನೀವು ಏನು ಹೇಳಿದ್ದಿರಿ, ನನಗೆ ಯಾವುದೂ ನೆನಪಿಗೆ ಬರಲಿಲ್ಲ. "ಮನೋರಮಮ್ಮ, ಕಾರ್ ಓಡ್ಸಿದ್ದ್ ನಿಮ್ ಮಾಣಿ ಅಲ್ಲ. ನಮ್ ಅಜಿತ" ಎಂದೆ. ಅವರು ಕಿರುಚುತ್ತಾರೆ, ಹೊಡೆಯುತ್ತಾರೆ ಎಂದುಕೊಂಡಿದ್ದೆ. ಅವರು ಚಮಚವನ್ನು ಬಟ್ಟಲಲ್ಲಿ ಇಟ್ಟರು. ನನ್ನ ಕಡೆ ತಿರುಗಲೂ ಇಲ್ಲ, ಮಗನ ಕಡೆ ಬಗ್ಗಿದರು. "ಕೇಂಡ್ಯಾ ಮಗಾ? ನೀ ಅಲ್ಲ ಅಂಬ್ರ್. ನೀ ಓಡ್ಸಿದ್ದಲ್ಲ ಅಂಬ್ರ್" ಎಂದು ಎರಡೆರಡು ಸಲ ಹೇಳಿದರು. ಐತಾಳರು ಕಿಟಕಿಯಿಂದ ಬಂದು ಮಂಚದ ತುದಿಯಲ್ಲಿ ಕೂತರು. ಮಗನ ಕಾಲಿನ ಮೇಲಿನ ಹೊದಿಕೆ ಸರಿ ಮಾಡತೊಡಗಿದರು. ಸರಿಯಾಗಿದ್ದ ಹೊದಿಕೆಯನ್ನೇ ಮತ್ತೆ ಮತ್ತೆ ಸರಿ ಮಾಡಿದರು. ಆಮೇಲೆ ಮನೋರಮಮ್ಮ ನನ್ನನ್ನು ನೋಡಿ ಕೇಳಿದರು, "ಕುಡುಕೆ ಕೊಟ್ಟದ್ ಯಾರ್?" ನಮ್ಮ ಮನೆಯವರೇ ಎಂದೆ. "ನೀವ್ ಅಲ್ಲೇ ಇದ್ರ್ಯಾ?" ಎಂದರು. ಇದ್ದೆ ಎಂದೆ. ನಾನು ತಂದ ಬಾಳೆಹಣ್ಣಿನ ಚೀಲವನ್ನು ಎತ್ತಿ ನನ್ನ ಕೈಗೇ ಕೊಟ್ಟರು.

ಮನೆಗೆ ಬಂದು ಅಜಿತನ ಕೋಣೆಗೆ ಹೋಗಿ ನಡೆದದ್ದೆಲ್ಲ ಹೇಳಿದೆ. ಬೈಯುತ್ತಾನೆ ಎಂದುಕೊಂಡಿದ್ದೆ. ಅನೀಶ ತಪ್ಪಾಯಿತು ಎಂದ ಮಾತು ಬಂದಾಗ ಅವನು ಗೋಡೆಗೆ ತಿರುಗಿ, ನನ್ನ ಮುಖ ನೋಡದೆ ಒಂದು ಮಾತು ಹೇಳಿದ. ಅದನ್ನು ಬರೆಯಬೇಕೋ ಬೇಡವೋ ಎಂದು ಬೆಳಗ್ಗಿನಿಂದ ಯೋಚಿಸಿದ್ದೇನೆ. ಅಪ್ಪನಾಗಿ ನಿಮಗೆ ಗೊತ್ತಿರಬೇಕು. "ಅಮ್ಮಾ, ಅವ್ನಿಗೆ ಪ್ರಜ್ಞೆ ಇಲ್ದೆ ಇಪ್ಪ ಹೊತ್ತಿಗೆ, ಅವ ಏಳದೇ ಇದ್ರೆ ಯಾರಿಗೂ ಗೊತ್ತಾಪ್ದಿಲ್ಲೆ ಅಂತ ನಂಗ್ ಒಂದ್ಸಲ ಅನ್ಸಿತ್ತ್" ಎಂದ. ಒಂದೇ ಬೆಂಚಿನಲ್ಲಿ ಕೂತು ಓದಿದ ಗೆಳೆಯ. ಅವನ ಬುತ್ತಿಯ ಮೊಸರನ್ನ ತಿಂದು ಬೆಳೆದವನು ನಮ್ಮ ಮಗ. ಅವನ ಮನಸ್ಸಿನಲ್ಲಿ ಆ ಯೋಚನೆ ಹುಟ್ಟಿಸಿದ್ದು ಬಿಯರಲ್ಲ, ನಾವಿಬ್ಬರು. ನೀವು ಹೇಳಿಕೊಟ್ಟದ್ದು, ನಾನು ಒಲೆಯ ಮುಂದೆ ಸುಮ್ಮನಿದ್ದದ್ದು. ನಾನು ಅವನನ್ನು ಅಪ್ಪಿಕೊಂಡು ಕೂತೆ. ದೊಡ್ಡವನಾದ ಮೇಲೆ ಹಾಗೆ ಅಪ್ಪಿಕೊಳ್ಳಲು ಬಿಟ್ಟವನಲ್ಲ, ಬಿಟ್ಟ. ನನ್ನ ಹೆಗಲಿನಿಂದ ತಲೆ ಎತ್ತಿ, "ನಾ ಹೇಳ್ತೆ. ನಾಳೆಯೇ ಹೋಪ" ಎಂದ.

ನಿನ್ನೆ ನಾವಿಬ್ಬರೂ ಠಾಣೆಗೆ ಹೋದೆವು. ಅಜಿತ್ ನಿಂತೇ ಎಲ್ಲ ಹೇಳಿದ. ಮಧ್ಯೆ ಒಮ್ಮೆ ನೀರು ಕುಡಿದು ಮತ್ತೆ ಹೇಳಿದ. ಅವನನ್ನು ಉಡುಪಿಯಲ್ಲಿ ಮಕ್ಕಳ ನ್ಯಾಯ ಮಂಡಳಿಯ ಮುಂದೆ ಕರೆದುಕೊಂಡು ಹೋಗಬೇಕಂತೆ. ಕಾಲೇಜು ಸೇರುವುದು ಈ ವರ್ಷ ಆಗುತ್ತದೋ ಇಲ್ಲವೋ ಗೊತ್ತಿಲ್ಲ. ಅನೀಶನ ಮೇಲಿನ ಕೇಸು ತೆಗೆಯುತ್ತೇವೆ ಎಂದಿದ್ದಾರೆ. ಹೊರಗೆ ಬಂದು ಅಜಿತ್ ಹಸಿವಾಗುತ್ತದೆ ಎಂದ. ಶಾಸ್ತ್ರಿ ಸರ್ಕಲ್ ಹತ್ತಿರ ಎರಡು ಪ್ಲೇಟು ಗೋಳಿಬಜೆ ತಿಂದ. ನಾನು ಎದುರಿಗೆ ಕೂತು ನೋಡಿದೆ.

ನಿಮ್ಮ ಮೇಲೆ ನನಗೆ ಸಿಟ್ಟಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಬೆಳಗ್ಗೆ ಎದ್ದ ಕೂಡಲೇ ನೀವು ಮಾತ್ರೆ ತೆಗೆದುಕೊಂಡಿರೋ ಇಲ್ಲವೋ ಎಂದೇ ಯೋಚನೆ ಬರುತ್ತದೆ. ಎರಡೂ ಒಟ್ಟಿಗೇ ಇವೆ, ಏನು ಮಾಡಲಿ. ಶೀನಣ್ಣನ ಕೈಯಲ್ಲಿ ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿ ಕಳಿಸಿದ್ದೇನೆ. ಅಕ್ಷಿತಾ ಅಪ್ಪನಿಗೆ ನಮಸ್ಕಾರ ಹೇಳಿದ್ದಾಳೆ, ಅವಳಾಗಿಯೇ ಹೇಳಿದಳು, ನಾನು ಹೇಳಿಸಿದ್ದಲ್ಲ. ದೇವರು ನಿಮಗೆ ಆರೋಗ್ಯ ಕೊಡಲಿ, ಧೈರ್ಯವನ್ನೂ ಕೊಡಲಿ.

ಇಂತಿ ನಿಮ್ಮ
ಸರಸ

ಮ.ವಿ.: ರಿಕ್ಷಾ ಬಂತು, ಶೀನಣ್ಣ ಗೇಟಿನಲ್ಲಿ ಕರೆಯುತ್ತಿದ್ದಾನೆ. ಮೇಲೆ ಬರೆಯಲು ಧೈರ್ಯ ಸಾಲದೆ ಬಿಟ್ಟದ್ದು ಇದು. ಹುಡುಗರಿಗೆ ಕುಡಿಯಲು ಕೊಟ್ಟವರು ಯಾರು, ಕೀ ಕೊಟ್ಟವರು ಯಾರು ಎಂದು ಇನ್ಸ್‌ಪೆಕ್ಟರು ಕೇಳಿದಾಗ ಅಜಿತ್ ನನ್ನ ಮುಖ ನೋಡಿದ. ಅಪ್ಪನ ಹೆಸರನ್ನು ಮಗನ ಬಾಯಿಂದ ಹೇಳಿಸಬಾರದು ಎಂದು ನಾನೇ ನಿಮ್ಮ ಹೆಸರು ಹೇಳಿದೆ. ಡೊಂಬಿವಲಿಯ ಹೋಟೆಲಿನ ವಿಳಾಸವನ್ನೂ ಬರೆಸಿದೆ. ಈ ವಾರದಲ್ಲೇ ಅಲ್ಲಿಗೆ ಜನ ಕಳಿಸುತ್ತಾರಂತೆ. ಅವರು ನಿಮ್ಮ ಕೆಲಸದವರೆದುರು ನಿಮ್ಮನ್ನು ಕರೆದುಕೊಂಡು ಹೋಗುವ ಮೊದಲು ನೀವಾಗಿಯೇ ಬಸ್ಸು ಹತ್ತಿ. ಠಾಣೆಗೆ ನಾನೂ ಬರುತ್ತೇನೆ. ರಾತ್ರಿ ಅಜಿತ್ ಕೇಳಿದ, "ಅಪ್ಪ ಬತ್ರಾ?" "ಬತ್ರ್" ಎಂದಿದ್ದೇನೆ. ಅದೊಂದನ್ನು ಸುಳ್ಳು ಮಾಡಬೇಡಿ.