ಏಳು ಗೋಲಿಗೆ ಇಬ್ಬರೇ ಹೊಣೆಯೇ, ಅಧ್ಯಕ್ಷರೇ?

ಕೆರೆಯಂಗಳ ಫುಟ್‌ಬಾಲ್ ಕ್ಲಬ್ಬಿನ ಮಾನ್ಯ ಅಧ್ಯಕ್ಷರೇ,

ಜಿಯಾವುಲ್ಲಾ ಅವರ ಟೀ ಅಂಗಡಿಯ ಗೋಡೆಗೆ ಮೊನ್ನೆ ಸೋಮವಾರ ತಾವು ಅಂಟಿಸಿದ ಪ್ರಕಟಣೆಯನ್ನು ಓದಿದೆ. ಹೆಸರಘಟ್ಟದ ತಂಡದ ಎದುರು ನಮ್ಮ ಕ್ಲಬ್ಬು ಏಳು-ಸೊನ್ನೆಯಿಂದ ಸೋತದ್ದಕ್ಕೆ ಕಾರಣ ಪತ್ತೆಯಾಗಿದೆಯೆಂದೂ, ಆ ಕಾರಣದ ಹೆಸರು ಲೆಫ್ಟ್ ಬ್ಯಾಕ್ ಮುನೀಂದ್ರ ಮತ್ತು ಗೋಲ್ ಕೀಪರ್ ವಾಜಿದ್ ಎಂದೂ, ಇಬ್ಬರಿಗೂ ಮುಂದಿನ ಆದೇಶದವರೆಗೆ ‘ವಿಶ್ರಾಂತಿ’ ನೀಡಲಾಗಿದೆಯೆಂದೂ ಅದರಲ್ಲಿದೆ. ಮುನೀಂದ್ರ ನನ್ನ ಗಂಡ. ಮನೆಯಲ್ಲಿ ಅವರು ತೆಗೆದುಕೊಳ್ಳುವ ವಿಶ್ರಾಂತಿಯೇ ಬೇಕಾದಷ್ಟಿದೆ. ಹೆಚ್ಚುವರಿ ವಿಶ್ರಾಂತಿಗೆ ನಾನು ಅರ್ಜಿ ಹಾಕಿರಲಿಲ್ಲ. ಊರೆಲ್ಲ ಓದುವ ಗೋಡೆಗೆ ನೀವು ಅದನ್ನು ಅಂಟಿಸಿದ್ದರಿಂದ, ನಾನೂ ಊರೆಲ್ಲ ಓದುವ ಹಾಗೆಯೇ ಈ ಪತ್ರ ಬರೆಯುತ್ತಿದ್ದೇನೆ. ಗೋಂದು ನಮ್ಮ ಮನೆಯಲ್ಲೂ ಇದೆ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವಳು. ಫುಟ್‌ಬಾಲ್ ಪಂಡಿತೆ ಅಲ್ಲ. ಆದರೆ ನಮ್ಮ ಕ್ಲಬ್ಬಿನ ಸಂವಿಧಾನ ಮಾತ್ರ ನನಗೆ ಚೆನ್ನಾಗಿ ಅರ್ಥವಾಗಿದೆ. ಕ್ಲಬ್ಬಿನ ಅಧ್ಯಕ್ಷರು ನೀವು. ತಂಡದ ನಾಯಕರು ನೀವು. ಆಟಗಾರರನ್ನು ಆರಿಸುವ ಸಮಿತಿಯೂ ನೀವೊಬ್ಬರೇ. ಆ ಸಮಿತಿ ಪ್ರತಿ ಸಲ ಸರ್ವಾನುಮತದಿಂದ ಆರಿಸುವ ಹತ್ತನೇ ನಂಬರಿನ ಫಾರ್ವರ್ಡ್ ಕೂಡ ನೀವೇ. ಐವತ್ತು ದಾಟಿದ ಮೇಲೂ ಈ ಉತ್ಸಾಹ ಇರುವುದು ಮೆಚ್ಚತಕ್ಕದ್ದೇ. ಅಧಿಕಾರ ವಿಭಜನೆಯ ಪಾಠವನ್ನು ನಾನು ಪ್ರತಿ ವರ್ಷ ಮಾಡುತ್ತೇನೆ. ಅದು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ಹುಡುಕಿಕೊಂಡು ಇನ್ನು ಮುಂದೆ ದೂರ ಹೋಗಬೇಕಾಗಿಲ್ಲ.

ವಾಜಿದ್ ಅವರ ಮನೆ ನಮ್ಮ ಪಕ್ಕದ್ದು. ನಡುವೆ ಎದೆಮಟ್ಟದ ಒಂದೇ ಕಾಂಪೌಂಡ್ ಗೋಡೆ. ಅಲ್ಲಾಳಸಂದ್ರಕ್ಕೆ ನಾವು ಬಂದ ಮೊದಲ ದಿನ ಬಟ್ಟೆ ಒಣಗಿಸುವ ಹಗ್ಗ ಕಟ್ಟಲು ಕಂಬ ಸಿಗದೆ ನಾನು ಪರದಾಡುತ್ತಿದ್ದಾಗ, ವಾಜಿದ್ ಅವರ ಹೆಂಡತಿ ರುಖ್ಸಾರ್ ಗೋಡೆಯ ಆಚೆಯಿಂದ ಕೈ ಚಾಚಿ, “ಇತ್ಲಾಗ್ ಕೊಡ್ರೀ, ನಮ್ ಮರಕ್ಕೆ ಕಟ್ಬಿಡ್ತೀನಿ” ಅಂದಿದ್ದಳು. ಆ ಹಗ್ಗ ಇನ್ನೂ ಹಾಗೇ ಇದೆ. ನಮ್ಮ ಸೀರೆಯೂ ಅವರ ದುಪಟ್ಟಾವೂ ಅದರ ಮೇಲೇ ಒಣಗುತ್ತವೆ. ಗಂಡಸರಿಬ್ಬರೂ ಒಂದೇ ಸ್ಕೂಟರಿನಲ್ಲಿ ಪ್ರಾಕ್ಟೀಸಿಗೆ ಹೋಗುತ್ತಿದ್ದರು. ಮುನೀಂದ್ರ ಓಡಿಸುತ್ತಿದ್ದರು, ವಾಜಿದ್ ಹಿಂದೆ ಕೂತು ಚೆಂಡುಗಳ ಚೀಲವನ್ನು ಹಸುಗೂಸಿನಂತೆ ತಬ್ಬಿಕೊಳ್ಳುತ್ತಿದ್ದರು. ಅಧ್ಯಕ್ಷರೇ, ಆ ಏಳು ಗೋಲುಗಳು ಹೊಕ್ಕಿದ್ದು ವಿದ್ಯಾರಣ್ಯಪುರದ ಮೈದಾನದ ಬಲೆಯೊಳಕ್ಕೆ ಮಾತ್ರ ಅಲ್ಲ. ನಮ್ಮ ಎರಡು ಮನೆಗಳ ಒಳಕ್ಕೂ ಹೊಕ್ಕವು.

ಪಂದ್ಯದ ದಿನ ನಾನು, ರುಖ್ಸಾರ್, ಅವಳ ಅತ್ತೆ ದಿಲ್ಶಾದಮ್ಮ ಮೂವರೂ ಒಂದೇ ಕೊಡೆಯ ಕೆಳಗೆ ಕೂತಿದ್ದೆವು. ಎದುರಾಳಿಗಳು ಬೆಳಗ್ಗೆ ಎದ್ದು ಹಾಲು ಕರೆದು, ಹುಲ್ಲಿನ ಹೊರೆ ಹೊತ್ತು, ಆಮೇಲೆ ಆಡಲು ಬಂದ ಹುಡುಗರು. ನಮ್ಮವರು ಪಂದ್ಯಕ್ಕೆ ಮುಂಚೆ ನೀವು ಪ್ರೀತಿಯಿಂದ ತರಿಸಿದ್ದ ಬಿಸಿಬೇಳೆಬಾತನ್ನು ಎರಡೆರಡು ಸಲ ಹಾಕಿಸಿಕೊಂಡವರು. ಶುರುವಾಗುವ ಮೊದಲೇ ಒಂದು ಕಡೆಯವರು ಮೈ ಸಡಿಲ ಮಾಡಿಕೊಳ್ಳುತ್ತಿದ್ದರು, ಇನ್ನೊಂದು ಕಡೆಯವರು ಸೊಂಟದ ದಾರ ಸಡಿಲ ಮಾಡಿಕೊಳ್ಳುತ್ತಿದ್ದರು.

ನಮ್ಮವರ ತಪ್ಪನ್ನು ನಾನು ಮುಚ್ಚಿಡುವುದಿಲ್ಲ. ಮೂರನೆಯ ಗೋಲು ನನ್ನ ಗಂಡನ ಕಾಲುಗಳ ಸಂದಿಯಿಂದಲೇ ಹೋಯಿತು. ನಾಲ್ಕನೆಯದಕ್ಕೆ ವಾಜಿದ್ ಎಡಕ್ಕೆ ಹಾರಿದರು, ಚೆಂಡು ಬಲಕ್ಕೆ ಹೋಯಿತು. ಹಾರಿದ್ದು ಮಾತ್ರ ನೋಡಲು ಬಹಳ ಚೆನ್ನಾಗಿತ್ತು. ಆದರೆ ಚೆಂಡು ಪ್ರತಿ ಸಲ ನಮ್ಮ ಗೋಲಿನ ಹತ್ತಿರ ಬಂದದ್ದಾದರೂ ಎಲ್ಲಿಂದ? ನಮ್ಮ ಹುಡುಗರು ಕಷ್ಟಪಟ್ಟು ಅದನ್ನು ಮುಂದಕ್ಕೆ ಒಯ್ದು ಹತ್ತನೇ ನಂಬರಿಗೆ ಪಾಸ್ ಕೊಡುತ್ತಿದ್ದರು. ಹತ್ತನೇ ನಂಬರು ಆಫ್‌ಸೈಡಿನಲ್ಲಿ, ಎದುರಾಳಿ ಕೀಪರಿನ ಪಕ್ಕದಲ್ಲೇ, ಸೊಂಟದ ಮೇಲೆ ಕೈಯಿಟ್ಟು ನಿಂತಿರುತ್ತಿತ್ತು. ರೆಫರಿ ಸೀಟಿ ಊದುತ್ತಿದ್ದರು, ಚೆಂಡು ವಾಪಸ್ ಬರುತ್ತಿತ್ತು. ಒಂದು ಸಲ ಆಫ್‌ಸೈಡ್ ಆಗಿರಲಿಲ್ಲ. ಎಂಥ ಸುಯೋಗ! ಆದರೆ ಆಗ ನೀವು ಕಿವಿಯಲ್ಲಿ ಸಿಕ್ಕಿಸಿಕೊಂಡಿದ್ದ ಯಂತ್ರದಲ್ಲಿ ಯಾರಿಗೋ, “ಸೈಟು ಕಾರ್ನರ್ರೇ ಕಣ್ರೀ, ಪೂರ್ವ ದಿಕ್ಕು” ಎನ್ನುತ್ತಿದ್ದಿರಿ. ಚೆಂಡು ಬಂದು ನಿಮ್ಮ ಬೆನ್ನಿಗೆ ಬಡಿದು ಹೆಸರಘಟ್ಟದವರ ಪಾಲಾಯಿತು. ಅವರು ಅದನ್ನು ಒದ್ದುಕೊಂಡು ಬಂದು ಐದನೆಯ ಗೋಲು ಹೊಡೆದರು. ನೀವು ಹಿಂತಿರುಗಿ, “ಡಿಫೆನ್ಸ್ ಎಲ್ರೋ?” ಎಂದು ಕೂಗಿದಿರಿ.

ಆಮೇಲೆ ಚರ್ಚೆ ಶುರುವಾಯಿತು. ನಮ್ಮ ಅಭಿಮಾನಿಗಳನ್ನು ನೀವು ಬಲ್ಲಿರಿ. ಗೆದ್ದರೆ ಒಂದು ಟೀ ಕುಡಿದು ಮನೆಗೆ ಹೋಗುತ್ತಾರೆ, ಸೋತರೆ ವಾರಗಟ್ಟಲೆ ಅಂಗಡಿಯಲ್ಲೇ ಇರುತ್ತಾರೆ. ಜಿಯಾವುಲ್ಲಾ ಅವರ ಎರಡು ಬೆಂಚುಗಳು ಎರಡು ಪಕ್ಷಗಳಾದವು. ಮೊದಲ ಬೆಂಚಿನ ಮುಖಂಡರು ನಿವೃತ್ತ ಬಸ್ ಕಂಡಕ್ಟರ್ ಅಶ್ವತ್ಥಪ್ಪನವರು. “ಎಡಗಡೆ ಬಾಗಿಲು ತೆಗೆದೇ ಮಡಗವ್ನೆ ಆ ಮುನೀಂದ್ರ. ಅಷ್ಟೇ ಅಲ್ಲ, ಬನ್ನಿ ಬನ್ನಿ, ಒಳಕ್ಕೆ ನಡೀರಿ ಅಂತ ಜಾಗಾನೂ ಬಿಡ್ತವ್ನೆ” ಎಂಬುದು ಅವರ ವಾದ. ಎರಡನೆಯ ಬೆಂಚಿಗೆ ಜಿಯಾವುಲ್ಲಾ ಅವರೇ ಟೀ ಸೋಸುತ್ತಾ ನಾಯಕತ್ವ ವಹಿಸಿದ್ದರು. “ಆ ವಾಜಿದ್ ಅಷ್ಟ್ ದೊಡ್ಡ ಗ್ಲೌಸ್ ಹಾಕ್ಕೊಂಡಿದಾನೆ, ಬಾಲ್ ಮುಟ್ಟಲ್ಲ ಅಂತಾನಲ್ಲಾ ಗುರೂ. ಅದೇನ್ ಬಿಸಿ ಬೋಂಡಾನಾ?” ಎಂಬುದು ಅವರ ಪ್ರಶ್ನೆ. ಬೆಂಚು ಸಿಗದೆ ನಿಂತೇ ಇದ್ದ ಮೂರನೆಯ ಪಂಥವೊಂದು, ದ್ವಿತೀಯಾರ್ಧದಲ್ಲಿ ನಮ್ಮ ಗೋಲು ನೈಋತ್ಯಕ್ಕೆ ಇತ್ತು, ವಾಸ್ತು ದೋಷ ಎಂದಿತು. ಜೆರ್ಸಿ ಬಿಗಿಯಾಯಿತು ಎಂದವರಿದ್ದಾರೆ. ಹೆಬ್ಬಾಳದ ಕಡೆಯಿಂದ ಬೀಸಿದ ಗಾಳಿ ಎಂದವರಿದ್ದಾರೆ. ಕೀಪರು, ಬ್ಯಾಕು, ಗಾಳಿ, ದಿಕ್ಕು, ದರ್ಜಿ ಎಲ್ಲರೂ ತಪ್ಪಿತಸ್ಥರಾದರು. ಹತ್ತನೇ ನಂಬರಿನ ಮಾತು ಮಾತ್ರ ಒಬ್ಬರ ಬಾಯಲ್ಲೂ ಬರಲಿಲ್ಲ. ನಿಮ್ಮ ಮೇಲೆ ಜನಕ್ಕೆ ಅಷ್ಟು ಗೌರವ. ಜೊತೆಗೆ ಅಂಗಡಿಯ ಬೆಂಚುಗಳನ್ನು ಮಾಡಿಸಿಕೊಟ್ಟವರೂ ನೀವೇ.

ಅಂಗಡಿಯ ಮಾತು ಅಂಗಡಿಯಲ್ಲೇ ಉಳಿಯುತ್ತದೆಯೇ? ಮುನೀಂದ್ರ ಹೀಗಂದರಂತೆ ಎಂದು ವಾಜಿದ್‌ಗೆ, ವಾಜಿದ್ ಹಾಗಂದರಂತೆ ಎಂದು ಮುನೀಂದ್ರರಿಗೆ ಯಾರೋ ತಲುಪಿಸಿದರು. ಒಂದು ಸಂಜೆ ಗೋಡೆಯ ಎರಡೂ ಕಡೆ ಇಬ್ಬರೂ ನಿಂತರು.

“ನೀನು ಆ ಉದ್ದನೇ ಹುಡುಗನ್ನ ಬಿಟ್ಟಿದ್ದಕ್ಕೇ ಅಲ್ವೇನೋ ಬಾಲ್ ನನ್ ತನಕ ಬಂದಿದ್ದು?” ಎಂದರು ವಾಜಿದ್.

“ಬಂತಪ್ಪಾ, ಸರಿ. ಬಂದಿದ್ದನ್ನ ಹಿಡಿಯೋಕೆ ತಾನೇ ನಿನ್ನ ಅಲ್ಲಿ ನಿಲ್ಸಿರೋದು? ಸುಮ್ನೆ ಮೆರವಣಿಗೆ ನೋಡೋಕಾ?”

“ಏ ಹೋಗೋ, ನೀನು ಓಡ್ತಾ ಇದ್ದಿದ್ದು ನೋಡಿ ರೆಫರೀನೇ ನೀರ್ ಬೇಕಾ ಅಂತ ಕೇಳಿದ್ರು.”

ರುಖ್ಸಾರ್‌ಗೂ ನನಗೂ ನಗು ಬಂತು. ಅವರಿಬ್ಬರಿಗೆ ಬರಲಿಲ್ಲ. ಮರುದಿನದಿಂದ ಸ್ಕೂಟರಿನ ಹಿಂದಿನ ಸೀಟು ಖಾಲಿಯಾಯಿತು. ವಾಜಿದ್ ಬಸ್ಸಿಗೆ ಹೋದರು. ಮುನೀಂದ್ರ ರಾತ್ರಿ ಊಟಕ್ಕೆ ಕೂತವರು ಚಪಾತಿಯನ್ನು ತಟ್ಟೆಯ ಎಡಗಡೆ, ಪಲ್ಯವನ್ನು ಬಲಗಡೆ ಇಟ್ಟು, ತಾನು ಎಲ್ಲಿ ನಿಲ್ಲಬೇಕಾಗಿತ್ತು ಎಂದು ಸರಿಸಿ ಸರಿಸಿ ನೋಡುತ್ತಿದ್ದರು. ಅನ್ನ ಬಡಿಸಲು ನನಗೆ ಜಾಗವೇ ಸಿಗುತ್ತಿರಲಿಲ್ಲ. ಮೊದಲ ಎರಡು ದಿನ ನಾನು ತಮಾಷೆ ಮಾಡಿದೆ. ಮೂರನೆಯ ದಿನ ಅವರು ಆಟದ ಶೂಗಳನ್ನು ತೊಳೆದು, ಒಣಗಿಸಿ, ಕಾಗದದಲ್ಲಿ ಸುತ್ತಿ ಅಟ್ಟದ ಮೇಲಿಟ್ಟರು. ಆಮೇಲೆ ನಾನು ತಮಾಷೆ ಮಾಡಲಿಲ್ಲ.

ಆಗ ನೀವು ‘ಆತ್ಮಾವಲೋಕನ ಸಭೆ’ ಕರೆದಿರಿ, ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ, ಭಾನುವಾರ ಬೆಳಗ್ಗೆ. ಆತ್ಮಾವಲೋಕನ ಎಂದರೆ ತನ್ನನ್ನು ತಾನು ನೋಡಿಕೊಳ್ಳುವುದು ಎಂದು ನಾನು ತಿಳಿದಿದ್ದೆ. ನೀವು ನನ್ನ ಗಂಡನನ್ನೂ ವಾಜಿದ್‌ರನ್ನೂ ಎದುರಿಗೆ ನಿಲ್ಲಿಸಿಕೊಂಡು ಅವರನ್ನು ನೋಡಿದಿರಿ. ಒಬ್ಬೊಬ್ಬರೇ ಎದ್ದು ದೌರ್ಬಲ್ಯಗಳನ್ನು ಎಣಿಸಿದರು. ಅಶ್ವತ್ಥಪ್ಪನವರು ಬಾಗಿಲಿನ ಮಾತನ್ನು ಮತ್ತೆ ಹೇಳಿದರು, ಜಿಯಾವುಲ್ಲಾ ಬೋಂಡಾದ ಮಾತನ್ನು ಮತ್ತೆ ಹೇಳಿದರು. ಬಿಳಿ ಶರ್ಟು ತೊಟ್ಟು ಎತ್ತರದ ಕುರ್ಚಿಯಲ್ಲಿ ಕೂತಿದ್ದ ನೀವು ದುಃಖದಿಂದ ತಲೆಯಾಡಿಸುತ್ತಿದ್ದಿರಿ.

ಹೆಂಗಸರು ಮಾತಾಡಬಹುದೇ ಎಂದು ಕೇಳಿದ್ದು ನಾನು. ಆದರೆ ಎದ್ದು ನಿಂತದ್ದು ದಿಲ್ಶಾದಮ್ಮ. ಅವರು ಬದುಕಿನಲ್ಲಿ ನೋಡಿದ ಮೊದಲ ಫುಟ್‌ಬಾಲ್ ಪಂದ್ಯ ಅದು.

“ನಂಗೆ ಆಟ ಗೊತ್ತಿಲ್ಲ ಬೇಟಾ” ಎಂದರು ನಿಮ್ಮನ್ನೇ ನೋಡುತ್ತಾ. “ಒಂದ್ ಮಾತು ಕೇಳ್ತೀನಿ, ತಪ್ ತಿಳ್ಕೋಬೇಡಿ. ಆ ಕಡೆ ಗೋಲ್ ಹತ್ರ ಒಬ್ರು ನಿಂತಿದ್ರಲ್ಲಾ, ತಲೆಗೆ ಪಟ್ಟಿ ಕಟ್ಕೊಂಡು, ಕಪ್ಪು ಕನ್ನಡಕ ಹಾಕ್ಕೊಂಡು? ಮೊದ್ಲಿಂದ ಕೊನೇವರ್ಗೂ ಅಲ್ಲೇ ಇದ್ರು. ಅವ್ರು ನಮ್ಮೋರಾ, ಅವ್ರ ಕಡೇವ್ರಾ?”

ಅಶ್ವತ್ಥಪ್ಪನವರು ಬಗ್ಗಿ ತಮ್ಮ ಚಪ್ಪಲಿ ಸರಿಮಾಡಿಕೊಳ್ಳತೊಡಗಿದರು.

“ಯಾರ್ ಕಡೇವ್ರಾದ್ರೂ ಆಗ್ಲಿ” ಎಂದು ಅವರೇ ಮುಂದುವರಿಸಿದರು, “ಅಷ್ಟ್ ಹೊತ್ತು ಬಿಸ್ಲಲ್ಲಿ ನಿಂತಿದ್ರು, ಪಾಪ. ಒಬ್ರೂ ಒಂದ್ ಕುರ್ಚಿ ಕೊಡ್ಲಿಲ್ಲ.”

ವಾಜಿದ್‌ಗೆ ಕೆಮ್ಮು ಬಂತು. ಮುನೀಂದ್ರ ಗೆಳೆಯನ ಬೆನ್ನು ತಟ್ಟಿದರು. ಕೆಮ್ಮು ಹೆಚ್ಚಾಯಿತು. “ನೀರು ಕುಡಿಸ್ಕೊಂಡ್ ಬರ್ತೀನಿ ಸಾರ್” ಎಂದು ಮುನೀಂದ್ರ ವಾಜಿದ್‌ರ ತೋಳು ಹಿಡಿದು ಹೊರಗೆ ಕರೆದೊಯ್ದರು. ಕೈ ತೊಳೆಯುವ ಜಾಗದ ಕಡೆಯಿಂದ ಇಬ್ಬರೂ ನಗುವ ಸದ್ದು ಹಾಲಿನೊಳಗೆಲ್ಲ ಕೇಳಿಸಿತು. ಎಷ್ಟೋ ದಿನಗಳ ಮೇಲೆ ಕೇಳಿದ ಆ ನಗುವಿಗೆ ರುಖ್ಸಾರ್ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನೀವು ಗಡಿಯಾರ ನೋಡಿ, “ಸಭೆ ಮುಕ್ತಾಯವಾಯ್ತು, ಎಲ್ಲರೂ ಉಪ್ಪಿಟ್ಟು ತಗೊಳ್ಳಿ” ಎಂದಿರಿ. ಮರುದಿನ ಪ್ರಕಟಣೆ ಬಂತು.

ಅದರ ಪರಿಣಾಮವನ್ನು ನಿಮಗೆ ತಿಳಿಸುವುದು ನನ್ನ ಧರ್ಮ. ಈಗ ಇಬ್ಬರೂ ಸಂಜೆ ಕೆರೆಯ ಏರಿಯ ಮೇಲೆ ಒಟ್ಟಿಗೆ ಕೂತಿರುತ್ತಾರೆ. ಸ್ಕೂಟರಿನ ಸೀಟು ಮತ್ತೆ ಭರ್ತಿಯಾಗಿದೆ. ಮಂಗಳವಾರ ಅಶ್ವತ್ಥಪ್ಪನವರು ಒಂದು ಚೀಲ ಅವರೆಕಾಯಿ ಹಿಡಿದು ನಮ್ಮ ಬಾಗಿಲಿಗೆ ಬಂದರು. “ಎಡಗಡೆ ಬಾಗಿಲು ತೆಗೆದಿದ್ದು ನಿಜಾನೇ ಕಣಮ್ಮ” ಎಂದರು. “ಆದ್ರೆ ಡ್ರೈವರೇ ಇಳಿದೋಗಿ ಪೋನಲ್ಲಿ ಮಾತಾಡ್ತಾ ಇದ್ರೆ ಬಸ್ ಎಂಗಮ್ಮ ಮುಂದಕ್ ಓಗ್ತದೆ? ನಾನು ಅದ್ನ ಯೋಳ್ಬೇಕಿತ್ತು. ಯೋಳ್ಲಿಲ್ಲ. ಸಾರು ಮಾಡಿ, ಆ ವಾಜಿದ್ ಮನೇಗೂ ಒಸಿ ಕೊಡು.” ಮಾಡಿದೆ, ಕೊಟ್ಟೆ. ಅಶ್ವತ್ಥಪ್ಪನವರೂ ಕೂತು ಉಂಡರು. ಆದರೆ ಈ ಮಾತನ್ನು ಅಧ್ಯಕ್ಷರ ಎದುರು ಹೇಳುತ್ತೀರಾ ಎಂದು ಕೇಳಿದಾಗ ಮಾತ್ರ ಇನ್ನೊಂದು ಸೌಟು ಸಾರು ಕೇಳಿದರು.

ಯಾಕೆ ಯಾರೂ ಹೇಳುವುದಿಲ್ಲ ಎಂಬುದು ನನಗೆ ಗೊತ್ತು, ಅದು ಹೆದರಿಕೆ ಅಲ್ಲ. ನಮ್ಮ ಮೈದಾನದಲ್ಲಿ ಕಟ್ಟಡ ಒಡೆದ ಮಣ್ಣು ಸುರಿಯಲು ಟಿಪ್ಪರ್ ಬಂದಾಗ ಅದರ ಮುಂದೆ ಹೋಗಿ ನಿಂತವರು ನೀವೊಬ್ಬರೇ. ಚಾಲಕ ಹಾರ್ನ್ ಹೊಡೆದ, ಬೈದ, ನೀವು ನಿಂತಲ್ಲಿಂದ ಒಂದಿಂಚೂ ಅಲುಗಲಿಲ್ಲ. ಈ ಬಡಾವಣೆಯ ಮಕ್ಕಳು ಇವತ್ತು ಚೆಂಡು ಒದೆಯುತ್ತಿದ್ದರೆ ಅದಕ್ಕೆ ನೀವೇ ಕಾರಣ. ಅದನ್ನು ಯಾರೂ ಮರೆತಿಲ್ಲ, ನಾನಂತೂ ಮರೆಯುವವಳಲ್ಲ. ಆದರೆ ಮಾನ್ಯರೇ, ಟಿಪ್ಪರಿನ ಮುಂದೆ ಅಲುಗದೆ ನಿಲ್ಲುವುದು ಒಂದು ವಿದ್ಯೆ, ಫಾರ್ವರ್ಡ್ ಆಡುವುದು ಇನ್ನೊಂದು. ಎರಡನೆಯದರಲ್ಲಿ ಸ್ವಲ್ಪ ಓಡಬೇಕಾಗುತ್ತದೆ. ಮೈದಾನ ಉಳಿಸಿದವರಿಗೆ ಮೈದಾನದ ಮಧ್ಯೆ ಇರುವ ಹಕ್ಕಿದೆ ಎಂದು ನಿಮಗೆ ಅನಿಸಿರಬಹುದು. ಇರಲಿ. ಆದರೆ ಸೋತಾಗ ಇಬ್ಬರು ಸ್ನೇಹಿತರ ಹೆಸರನ್ನು ಗೋಡೆಗೆ ಅಂಟಿಸುವ ಹಕ್ಕನ್ನು ಅದೇ ಪುಣ್ಯದ ಲೆಕ್ಕದಲ್ಲಿ ತೆಗೆದುಕೊಳ್ಳಬಹುದೇ?

ಈ ಪತ್ರವನ್ನು ಪ್ರಕಟಿಸುವ ಮುಂಚೆ ಗಂಡನಿಗೆ ಓದಿ ಹೇಳಿದೆ. ಅವರ ಮುಖ ಸಣ್ಣದಾಯಿತು. “ಇದು ಹೊರಗೆ ಬಂದ್ರೆ ನನ್ನ ಇನ್ಯಾವತ್ತೂ ಆಡ್ಸಲ್ಲ ಕಣೇ” ಎಂದರು. ಆಮೇಲೆ ಗೋಡೆಯ ಹತ್ತಿರ ಹೋಗಿ, “ಲೋ ವಾಜಿದ್, ಸರಳಾ ಅಧ್ಯಕ್ಷರಿಗೆ ಕಾಗ್ದ ಬರ್ದಿದಾಳೆ. ಕಳ್ಸೋದಾ ಬೇಡ್ವಾ?” ಎಂದು ಕೂಗಿದರು. ಆಚೆಯಿಂದ ಉತ್ತರ ಬಂತು: “ಕಳ್ಸಿ ಅಕ್ಕಾ! ಹೆಂಗೂ ಹೊರಗೇ ಕೂರ್ಸಿದಾರೆ, ಇನ್ನ ಎಲ್ಲಿಗ್ ಕಳ್ಸ್ತಾರೆ?”

ಆದ್ದರಿಂದ ಕೇಳುತ್ತಿದ್ದೇನೆ. ಗೋಡೆಯ ಮೇಲಿನ ಪ್ರಕಟಣೆಯನ್ನು ನೀವೇ ಬಂದು, ಜನ ಸೇರಿರುವ ಹೊತ್ತಿನಲ್ಲೇ, ನಿಮ್ಮ ಕೈಯಿಂದಲೇ ಕೀಳಬೇಕು. ಇಬ್ಬರನ್ನೂ ತಂಡಕ್ಕೆ ಕರೆಯಬೇಕು. ಹತ್ತನೇ ನಂಬರನ್ನು ಓಡಬಲ್ಲ ಯಾರಿಗಾದರೂ ಕೊಡಬೇಕು. ಅಧ್ಯಕ್ಷರಾಗಿ ನೀವು ನೂರು ವರ್ಷ ಇರಿ. ಎದುರಾಗಿ ನಿಲ್ಲುವವರು ನಮ್ಮಲ್ಲಿ ಯಾರೂ ಇಲ್ಲ. ಇಷ್ಟೆಲ್ಲ ಮಾಡಿದರೆ ಗೆಲ್ಲುತ್ತೇವೆ ಎಂಬ ಭರವಸೆ ನಾನು ಕೊಡಲಾರೆ, ನನ್ನ ಗಂಡನ ಓಟ ನಾನು ನೋಡಿದ್ದೇನೆ. ಆದರೆ ಈ ಸಲ ಸೋತರೆ ಹನ್ನೊಂದು ಜನರೂ ಸೇರಿ ಸೋಲೋಣ. ನನಗೆ ಉತ್ತರವಾಗಿ ಭಾಷಣ ಬೇಡ. ಬರುವ ಭಾನುವಾರದ ಪಂದ್ಯದ ತಂಡವನ್ನು ಪ್ರಕಟಿಸಿ, ಸಾಕು. ಅದನ್ನೇ ಉತ್ತರವೆಂದು ಓದಿಕೊಳ್ಳುತ್ತೇನೆ.

ಇಂತಿ,
ಈ ತಂಡವನ್ನು ಹೊಗಳಲೂ ಆಗದೆ, ಬಿಟ್ಟಿರಲೂ ಆಗದೆ ಒದ್ದಾಡುತ್ತಿರುವ
ಸರಳಾ ಮುನೀಂದ್ರ
ಅಲ್ಲಾಳಸಂದ್ರ