ಕಿತ್ತಳೆ ತಂದ ನಾದಿನಿಗೆ

ಮಾರ್ಚ್ ೯

ನಾದಿನಿಗೆ,

ಹಿರಿಯಳಾದ ತಪ್ಪಿಗೆ ಮೊದಲು ಆಶೀರ್ವಾದ. ನಿನ್ನ ಎರಡು ಪತ್ರಕ್ಕೂ ಉತ್ತರ ಬರೆದಿರಲಿಲ್ಲ, ಕ್ಷಮಿಸು. ಸಿಟ್ಟು ಆರಲಿ ಎಂದು ಕಾದೆ. ಆರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮಣ್ಣ ಮತ್ತೆ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ. "ಅತ್ತಿಗೆ ನಮ್ಮಣ್ಣನ್ನ ಉಪವಾಸ ಕೆಡವ್ತಿದ್ದಾಳೆ" ಎಂದು ನೀನು ನೆಂಟರಿಗೆಲ್ಲ ಫೋನ್ ಮಾಡಿದ್ದು ನನ್ನ ಕಿವಿಗೂ ಬಿತ್ತು. ಹಾಗಾದರೆ ಕೇಳು. ಹೊಟ್ಟೆಯ ಕ್ಯಾನ್ಸರ್ ಬೆಳೆದು, ಜಠರದಿಂದ ಕರುಳಿಗಿಳಿಯುವ ದಾರಿಯೇ ಮುಚ್ಚಿಹೋಗಿತ್ತು. ಕುಡಿದ ನೀರೂ ವಾಪಸ್ ಬರುತ್ತಿತ್ತು. ಆಪರೇಷನ್ ಮಾಡುವ ಹಂತ ದಾಟಿದೆ ಎಂದು ಬಾಯಿಂದ ಕೊಳವೆ ಇಳಿಸಿ ಅಲ್ಲೊಂದು ಸ್ಟೆಂಟ್ ಕೂರಿಸಿದರು, ತಂತಿಬಲೆಯ ಸಣ್ಣ ನಳಿಕೆ. "ಇದು ಕಾಯಿಲೆ ವಾಸಿ ಮಾಡಲ್ಲಮ್ಮ, ತಿಂದಿದ್ದು ಕೆಳಗಿಳಿಯೋಕೆ ಅಷ್ಟೆ. ನಾರಿರೋದು ಏನೂ ಕೊಡ್ಬೇಡಿ" ಎಂದರು ಡಾಕ್ಟರು. ನೀನೂ ಪಕ್ಕದಲ್ಲೇ ನಿಂತು ತಲೆಯಾಡಿಸಿದೆ. ಜೀವಮಾನವೆಲ್ಲ ಬಸ್ಸು ಓಡಿಸಿದ ನಿಮ್ಮಣ್ಣನಂತೂ "ರಸ್ತೆ ಬಂದ್ ಆಗಿತ್ತು, ಈಗ ಒಂದು ಸೈಕಲ್ ಹೋಗೋಷ್ಟು ಬಿಟ್ಟಿದ್ದಾರೆ" ಎಂದು ನರ್ಸನ್ನೂ ನಗಿಸಿದರು.

ಅಂದಿನಿಂದ ಮಿಕ್ಸಿಯಲ್ಲಿ ರುಬ್ಬಿ, ಸೋಸಿ, ಚಮಚ ಚಮಚವಾಗಿ ಕೊಟ್ಟವಳು ನಾನು. ನಾನು ಔಷಧಿ ಅಂಗಡಿಗೆ ಹೋಗಿದ್ದಾಗ ಬಾಗಿಲು ಹಾಕಿಕೊಂಡು ಕಿತ್ತಳೆ ತಿನ್ನಿಸಿದವಳು ನೀನು. ತೊಳೆಯ ಸಿಪ್ಪೆಯನ್ನಾದರೂ ಬಿಡಿಸಬಾರದಿತ್ತೆ? ಮಾರನೇ ದಿನ ಆ ನಾರೆಲ್ಲ ಸ್ಟೆಂಟಿಗೆ ಕಚ್ಚಿಕೊಂಡು ಮತ್ತೆ ವಾಂತಿ, ಮತ್ತೆ ಆಂಬುಲೆನ್ಸು, ಮತ್ತೆ ಗಂಟಲಲ್ಲಿ ಕೊಳವೆ. ಡಾಕ್ಟರು ವಾರ್ಡಿನವರೆಲ್ಲರೆದುರು ಬೈದದ್ದು ನನ್ನನ್ನು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಮಾಡಿದವಳು ನೀನು, ಉಂಡವಳು ನಾನು.

"ಪಾಪ, ಬಾಯಿ ಕೆಟ್ಟಿತ್ತು, ಆಸೆಪಟ್ಟ" ಎಂದು ಬರೆದಿದ್ದೀಯ. ಕೊಳವೆ ಇಳಿಸುವಾಗ ನಿಮ್ಮಣ್ಣ ನನ್ನ ಮಣಿಕಟ್ಟು ಹಿಡಿದದ್ದರ ಕಲೆ ಇನ್ನೂ ಇದೆ. ಆಗ ನಿನ್ನ ಪಾಪ ಎಲ್ಲಿಗೆ ಹೋಗಿತ್ತು? ಇನ್ನು ಮುಂದೆ ನಮ್ಮ ಹೊಸ್ತಿಲು ತುಳಿಯಬೇಡ. ನಾನು ಸುಮ್ಮನೆ ಬೆದರಿಸುವವಳಲ್ಲ ಎಂದು ನಿನಗೆ ಗೊತ್ತು.

ಮಕ್ಕಳು ನೂರು ಕಾಲ ಚೆನ್ನಾಗಿರಲಿ. ಅವರಿಗೆ ಪೂರ್ತಿ ಆಶೀರ್ವಾದ, ನಿನಗೆ ಅದರಲ್ಲಿ ಉಳಿದದ್ದು.

ಇಂತಿ,
ಉಪವಾಸ ಕೆಡವುವ ನಿನ್ನ ಅತ್ತಿಗೆ

ತಾ.ಕ.: ಪತ್ರ ಯಾರಿಗೆಂದು ಗೊತ್ತಾಗಿ ನಿಮ್ಮಣ್ಣ, "ಅವಳನ್ನ ಬೈಬೇಡ, ತಗೊಂಡ್ಬಾ ಅಂದಿದ್ದೇ ನಾನು" ಎಂದರು. ಬಾಗಿಲು ಹಾಕು ಎಂದದ್ದೂ ಅವರೇ ಅಂತೆ. ನನ್ನನ್ನೇಕೆ ಕೇಳಲಿಲ್ಲ ಎಂದೆ. "ನಿನ್ನ ಮುಂದೆ ನಾನು ರೋಗಿ ಕಣೇ. ಅವಳ ಜೊತೆ ಒಂದು ಗಳಿಗೆ ಬರೀ ಅಣ್ಣ ಆಗಿದ್ದೆ" ಎಂದರು. ಹೆಂಡತಿಯಾಗಿದ್ದವಳು ಯಾವಾಗ ನರ್ಸಾದೆನೋ ನನಗೇ ತಿಳಿಯಲಿಲ್ಲ. ನಿನ್ನನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಹೊಸ್ತಿಲ ಮಾತು ಬಿಡು. ಭಾನುವಾರ ಬಾ, ಬರಿಗೈಯಲ್ಲಿ ಬಾ. ನೀನು ಅಡುಗೆಮನೆಯಲ್ಲಿ ರುಬ್ಬಿ ಸೋಸುತ್ತಿರು. ನಾನು ಬಾಗಿಲು ಹಾಕಿಕೊಂಡು ಅವರ ಪಕ್ಕ ಕೂರುತ್ತೇನೆ.